ಹಿಡಿದವರು ಮಾತಾಡಬಾರದು

ನಮ್ಮೂರಿನಲ್ಲಿ ಯಾರಾದರೂ ಚಪ್ಪಲಿಯನ್ನು ಕಟ್ಟೆಯ ಕೆಳಗೆ ಬಿಟ್ಟು, ದನಿ ತಗ್ಗಿಸಿ, “ಯಾರನ್ನ ಹಿಡದೀರಿ?” ಎಂದು ಕೇಳಿದರೆ ಆ ಮನೆಯಲ್ಲಿ ಸಾವಾಗಿದೆ ಎಂದು ಅರ್ಥ. ಹೊರಗಿನಿಂದ ಬಂದವರು ಇದನ್ನು ಪೊಲೀಸರ ಮಾತೆಂದು ತಿಳಿದು ಗಾಬರಿಯಾಗುತ್ತಾರೆ. ಹಿಡಿಯುವುದೆಂದರೆ ಸತ್ತವರ ಚಿತ್ರವನ್ನು ಪೆಟ್ಟಿಗೆಯಿಂದ ತೆಗೆದು ಎದೆಗೆ ಆನಿಸಿಕೊಂಡು ಕೂರುವುದು, ಅಷ್ಟೇ. ಮನೆಯವರು ಸರದಿಯ ಮೇಲೆ ಕೂರುತ್ತಾರೆ. ಕೂತವರು ಮಾತಾಡಬಾರದು. ಬಂದವರ ಪ್ರಶ್ನೆಗೆ ಪಕ್ಕದಲ್ಲಿದ್ದವರು ಉತ್ತರ ಕೊಡುತ್ತಾರೆ. ಕಾರ್ಯ ಮುಗಿದ ಸಂಜೆ ಚಿತ್ರವನ್ನು ಅಂಗಳದಲ್ಲಿ ಅಂಗಾತ ಇಟ್ಟು ಎಲ್ಲರೂ ಕೈ ತೆಗೆಯುತ್ತಾರೆ. ಮೊದಲು ಅಂಚು ಹೋಗುತ್ತದೆ, ಆಮೇಲೆ ರುಮಾಲು, ಭುಜ, ಕಣ್ಣು ಕೊನೆಗೆ. ಬಿಳಿ ಕಾಗದ ಮಾತ್ರ ಉಳಿದ ಮೇಲೆ ಯಾರಾದರೂ ಒಬ್ಬರು ಎದ್ದು ಚಹಾಕ್ಕೆ ಇಡುತ್ತಾರೆ.

ಕೈ ತಾಗದ ಚಿತ್ರ ನಮ್ಮೂರಲ್ಲಿ ನಿಲ್ಲುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಕತ್ತಲಲ್ಲಿ ಇಟ್ಟರೆ ಇರುತ್ತದೆ. ಬೆಳಕಿಗೆ ತೆಗೆದರೆ ಯಾರದಾದರೂ ಕೈ ಅದರ ಮೇಲಿರಬೇಕು. ನಮ್ಮ ಕ್ಯಾಲೆಂಡರುಗಳಲ್ಲಿ ತಾರೀಖು ಮಾತ್ರ ಇರುತ್ತದೆ. ಚಹಾದಂಗಡಿಯ ಬೆಂಚಿನ ಮೇಲೆ ಬಿದ್ದ ಪೇಪರಿನಲ್ಲಿ ಸುದ್ದಿಯ ನಡುವೆ ಬಿಳಿ ಚೌಕಗಳಿರುತ್ತವೆ. ಮೊದಲು ಬಂದು ಪೇಪರು ಎತ್ತಿಕೊಂಡವನು ಮಂತ್ರಿ ದಪ್ಪಗಾಗಿದ್ದಾನೆ ಎಂದರೆ ಉಳಿದವರು ನಂಬಬೇಕು. ಚುನಾವಣೆಗೆ ನಿಂತವರು ಪೋಸ್ಟರು ಹಚ್ಚುವುದಿಲ್ಲ, ತಾವೇ ಬಂದು ಸರ್ಕಲ್ಲಿನಲ್ಲಿ ನಿಲ್ಲುತ್ತಾರೆ. ನೋಟಿನ ಮೇಲಿನ ಚಿತ್ರಕ್ಕೆ ಮಾತ್ರ ಇದುವರೆಗೆ ಏನೂ ಆಗಿಲ್ಲ. ನೋಟನ್ನು ನಮ್ಮೂರಲ್ಲಿ ಯಾರೂ ಕೈಬಿಟ್ಟದ್ದಿಲ್ಲ. ಚಿತ್ರ ಬರೆಯುವ ಹುಡುಗರು ಎಡಗೈಯನ್ನು ಕಾಗದದ ಮೇಲೆ ಊರಿಕೊಂಡೇ ಬರೆಯುತ್ತಾರೆ. ಹೀಗಾಗಿ ಇಲ್ಲಿ ಬರೆದ ಪ್ರತಿ ಚಿತ್ರದ ಎಡಮೂಲೆಯಲ್ಲಿ ಅಂಗೈಯಷ್ಟು ಜಾಗ ಖಾಲಿಯಿರುತ್ತದೆ, ಬೆವರಿನಿಂದ ತುಸು ಹಳದಿಯಾಗಿ.

ನಾನು ಅಪ್ಪನನ್ನು ಹಿಡಿದಾಗ ಹೈಸ್ಕೂಲಿನಲ್ಲಿದ್ದೆ. ನನ್ನ ಕಾಲು ಹುಟ್ಟಿದಾಗಿನಿಂದ ಒಂದು ಕಡೆ ನಿಂತವಲ್ಲ ಎಂದು ಅವ್ವ ಹೇಳುತ್ತಾಳೆ. ಅವತ್ತು ನಿಂತವು. ಬಂದವರು ಬಂದರು, ಅತ್ತರು, ಏನೇನೋ ಕೇಳಿದರು. ನಾನು ಯಾವುದಕ್ಕೂ ಉತ್ತರ ಕೊಡಬೇಕಾಗಿರಲಿಲ್ಲ. ಮಾತಾಡಬಾರದು ಎಂಬ ಕಟ್ಟಳೆಯೊಳಗೆ ಅಂಥ ತಂಪಿದೆಯೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ನಗರಕ್ಕೆ ಹೋದೆ, ಎಂ.ಎ. ಮಾಡಿದೆ, ಅಲ್ಲಿಯ ಗದ್ದಲದಲ್ಲಿ ನಿದ್ದೆ ಬಾರದೆ ಹಾಸ್ಟೆಲಿನ ವರಾಂಡದಲ್ಲಿ ತಿರುಗಿ ತಿರುಗಿ ಚಪ್ಪಲಿ ಸವೆಸಿದೆ, ಕೆಲಸವಿಲ್ಲದೆ ತಿರುಗಿ ಬಂದೆ. ಊರು ನನ್ನ ಕಲ್ಮೇಶ ಎಂಬ ಹೆಸರನ್ನು ಬಿಟ್ಟು, ಎಂ.ಎ.ಯನ್ನು ಹಿಡಿದು ‘ಎಮ್ಮೆ’ ಎಂದು ಕರೆಯತೊಡಗಿತು. ನಾನು ಬೀದಿಯಲ್ಲಿ ಹೋದರೆ ‘ಎಮ್ಮಿ ಮೇಯಾಕ ಹೊಂಟೈತಿ’ ಎನ್ನುತ್ತಿದ್ದರು. ನಿಜಕ್ಕೂ ಹಾಗೆಯೇ ಇತ್ತು. ಬೆಳಗಾದರೆ ಊರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವುದು, ಹೋಗಿ ತಲುಪುವುದರೊಳಗೆ ಬೇರೆಲ್ಲೋ ಇರಬೇಕಾಗಿತ್ತು ಅನ್ನಿಸಿ ಹಿಂದಿರುಗುವುದು.

ಹೀಗೆ ತಿರುಗುವಾಗ ನಾನು ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ತೂಕದ ಮನೆಯಲ್ಲಿ. ಹತ್ತಿ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಸುತ್ತಿನ ಹಳ್ಳಿಗಳ ಹತ್ತಿ ತುಂಬಿದ ಅಂಡಿಗೆಗಳೆಲ್ಲ ಅಲ್ಲಿ ತೂಗಿ ಮುಂದೆ ಹೋಗುತ್ತಿದ್ದವಂತೆ. ಕಪ್ಪು ಕಲ್ಲಿನ ಕಮಾನುಗಳು, ನಡುವಿನ ತೊಲೆಯಿಂದ ಇಳಿಬಿದ್ದ ದೊಡ್ಡ ತಕ್ಕಡಿ. ಅದರ ಒಂದು ತಟ್ಟೆಯಲ್ಲಿ ಮನುಷ್ಯ ಕಾಲು ಚಾಚಿ ಮಲಗಬಹುದು. ವ್ಯಾಪಾರ ನಿಂತ ಮೇಲೆ ಕಟ್ಟಡದ ಬೀಗದ ಕೈ ಗುಳಪ್ಪಜ್ಜರ ಬಳಿ ಉಳಿದಿತ್ತು. ಅವರು ತೂಗುವವರ ಮನೆತನದ ಕೊನೆಯವರು. ಅಜ್ಜರು ದಿನವೂ ಬಾಗಿಲು ತೆರೆದು ಕಸ ಹೊಡೆಸಿ, ತಟ್ಟೆಯಲ್ಲೊಮ್ಮೆ ಕೂತು, ಎದ್ದು ಬೀಗ ಹಾಕುತ್ತಿದ್ದರು. ಚಿತ್ರ ಬರೆಯುವ ಹುಡುಗರು ಅದರ ಜಗಲಿಯ ಮೇಲೆ ಸೇರುತ್ತಿದ್ದರು, ನೆರಳಿದೆಯೆಂದು. ಬಣ್ಣ ಕೊಳ್ಳಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಅರಿಶಿನ, ಇದ್ದಿಲು, ಲಾರಿಗೆ ಬಳಿದು ಮಿಕ್ಕ ಪೇಂಟು, ಇಂಥವುಗಳಲ್ಲೇ ಬರೆಯುತ್ತಿದ್ದರು.

ನಗರದ ಚಿತ್ರಶಾಲೆಯಲ್ಲಿ ಕಲಿಸುವ ಮಂದಾಕಿನಿ ಮೇಡಂ ನನಗೆ ಹಾಸ್ಟೆಲಿನ ದಿನಗಳಿಂದ ಪರಿಚಯ. ಈ ಹುಡುಗರ ಬಗ್ಗೆ ಅವರಿಗೆ ಹೇಳಿದ್ದೆ. “ಪ್ರದರ್ಶನ ಇಡಿ, ನಾನು ಬರ್ತೀನಿ. ಒಬ್ಬರಿಗೆ ನಮ್ಮಲ್ಲಿ ಜಾಗ ಇದೆ. ಊಟ, ವಸತಿ, ಬಣ್ಣ ಎಲ್ಲ ನಮ್ಮದೇ. ಆದರೆ ಪ್ರತಿಯೊಬ್ಬರೂ ಒಂದಾದರೂ ಮುಖ ಬರೆದಿರಬೇಕು. ಗಿಡ ಮರ ನೋಡಿ ನನಗೆ ಏನೂ ಗೊತ್ತಾಗಲ್ಲ,” ಎಂದಿದ್ದರು.

ಜಗಲಿಯ ಮೇಲೆ ಸಭೆ ಸೇರಿತು. “ಗ್ವಾಡಿಗೆ ಮೊಳಿ ಹೊಡದು ತೂಗ ಹಾಕೂನು,” ಎಂದ ದಸ್ತಗೀರ. ಅವನು ಆಡುಗಳನ್ನು ಬರೆಯುವ ಹುಡುಗ. ಬೇರೆ ಊರು ನೋಡಿ ಬಂದಿದ್ದ.

“ಹೊಡಿ,” ಎಂದರು ಗುಳಪ್ಪಜ್ಜ. “ಹೊಡದು, ಚಿತ್ರ ಹಾಕಿ, ಚಾ ಕುಡದು ಬಾ. ಬಿಳಿ ಹಾಳಿಯ ಪ್ರದರ್ಶನ ಆಕ್ಕೈತಿ. ಆ ಮೇಡಂ ಬಾಯಾರು ಮೆಚ್ಚಿ ಕೈಕುಲುಕಿ ಹೋಗ್ತಾರ.”

“ಹಂಗಾರ ಹಿಡೀಬೇಕು,” ಎಂದೆ ನಾನು.

ದಸ್ತಗೀರ ದನಿ ತಗ್ಗಿಸಿ ಕೇಳಿದ, “ಯಾರನ್ನ?”

“ಯಾರನ್ನೂ ಅಲ್ಲೋ. ಚಿತ್ರಾನ. ಊರ ಮಂದಿ ಒಬ್ಬೊಬ್ಬರು ಒಂದೊಂದು ಹಿಡಕೊಂಡು ಕಮಾನಿನ ಕೆಳಗ ನಿಂದ್ರೂದು. ನಿನ್ನ ಆಡಿಗೆ ಒಬ್ಬರು, ಬಂಡಿಗೆ ಒಬ್ಬರು.”

“ಆಡಿಗೆ ಸೂತಕ ಹಿಡಿಯೂದು ನನ್ನ ಆಯುಷ್ಯದಾಗ ಇದ ಮೊದಲು,” ಎಂದರು ಅಜ್ಜರು. ಎಲ್ಲರೂ ನಕ್ಕರು. ನಗೆ ಮುಗಿದ ಮೇಲೆ ಅವರು ಒಳಗೆ ಹೋಗಿ ತಕ್ಕಡಿಯ ಸರಪಳಿಯನ್ನು ಒಮ್ಮೆ ಹಿಡಿದು ಬಂದರು. “ನಾ ಆಡು ಹಿಡೀತೀನಿ,” ಎಂದರು.

ಅಜ್ಜರು ಒಪ್ಪಿದ ಮೇಲೆ ಉಳಿದವರು ಬಂದರು. ದರ್ಜಿ, ಮೀನಿನವಳು, ಬ್ಯಾಂಕಿನ ಜವಾನ, ಹೈಸ್ಕೂಲಿನ ಪಿ.ಟಿ. ಮಾಸ್ತರು. ಬದುಕಿರುವವರ ಮುಖವನ್ನು ಯಾರು ಹಿಡಿದಾರು ಎಂಬ ಚಿಂತೆ ನನಗಿತ್ತು, ಆದರೆ ಒಬ್ಬರನ್ನು ಬಿಟ್ಟು ಹುಡುಗರೆಲ್ಲ ತಮ್ಮ ಮನೆಯ ಸತ್ತ ಹಿರಿಯರನ್ನೇ ಬರೆದಿದ್ದರು. ದಸ್ತಗೀರ ತನ್ನ ಅಜ್ಜಿಯನ್ನು ಬರೆದಿದ್ದ. ಅವನ ಅಬ್ಬಾ ಅದನ್ನು ನೋಡಿ, “ಒಮ್ಮೆ ಬಿಟ್ಟಾಕಿನ್ನ ಮತ್ತೊಮ್ಮೆ ಹಿಡಿಯೂದು ಯಾರಿಗೆ ಸಿಗತೈತಿ!” ಎಂದು ಅಂಗಡಿ ಮುಚ್ಚಿ ಬರಲು ಒಪ್ಪಿದ. ಹಿಡಿದವರು ಮಾತಾಡಬಾರದು ಎಂಬ ನೇಮವನ್ನು ಪ್ರದರ್ಶನಕ್ಕೂ ಇಟ್ಟವನು ನಾನೇ. ಬೇಕಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಇಷ್ಟು ದೊಡ್ಡ ಕಲ್ಲಿನ ಮನೆ, ಇಷ್ಟು ಜನ, ಯಾರ ತುಟಿಯೂ ಅಲುಗುವುದಿಲ್ಲ ಎಂದು ನೆನೆದರೆ ನನ್ನ ಕಾಲು ತಣ್ಣಗಾಗುತ್ತಿತ್ತು.

ತೊಡಕಾದದ್ದು ಸಾವಂತ್ರಿಯ ಚಿತ್ರ. ಜಗಲಿಯ ಗುಂಪಿನಲ್ಲೆಲ್ಲ ಕೈ ಚೆನ್ನಾಗಿದ್ದುದು ಅವಳದೇ, ಅದು ಎಲ್ಲರಿಗೂ ಗೊತ್ತಿತ್ತು. ಅವಳ ಅಪ್ಪ ಸಂಕಪ್ಪ ಲಾರಿಗಳಿಗೆ ಚಿತ್ರ ಬರೆಯುತ್ತಿದ್ದ. ನವಿಲು, ಕಣ್ಣು, ಬೆಟ್ಟದ ಹಿಂದಿನ ಸೂರ್ಯ. ಬರೆದು ಮುಗಿಯುವವರೆಗೆ ಎಡಗೈ ಲಾರಿಯ ಮೇಲೆ. ಮುಗಿದ ಕೂಡಲೇ ಡ್ರೈವರ್ ಸ್ಟೇರಿಂಗ್ ಹಿಡಿದು, ಕೈ ಬಿಡದೆ ಊರ ಗಡಿ ದಾಟಿಸಿಬಿಡುತ್ತಿದ್ದ. ಗಡಿಯಾಚೆ ಏನೂ ಆಗುವುದಿಲ್ಲ. ಸಂಕಪ್ಪ ತಾನು ಬರೆದದ್ದನ್ನು ಹಿಂದೆ ಸರಿದು ನಿಂತು ನೋಡಿದ್ದೇ ಇಲ್ಲ. ನೋಡಬೇಕೆಂದರೆ ಲಾರಿ ಹೊರಡಬೇಕು, ಹೊರಟರೆ ದೂಳು. ಒಂದು ಮಧ್ಯಾಹ್ನ, ಸಾವಂತ್ರಿ ಆರನೇ ಇಯತ್ತೆಯಲ್ಲಿದ್ದಾಗ, ಅವನು ಲಾರಿಯ ಹಿಂಬಾಗಿಲಿನ ಮೇಲಿದ್ದ ಕೈಯನ್ನು ತೆಗೆಯಲೇ ಇಲ್ಲ. ಲಾರಿಯ ಜೊತೆ ನಾಲ್ಕು ಹೆಜ್ಜೆ ನಡೆದ, ಆಮೇಲೆ ಓಡಿದ, ಆಮೇಲೆ ಹತ್ತಿಕೊಂಡ. ಬರಲಿಲ್ಲ.

ಸಾವಂತ್ರಿ ಬರೆದದ್ದು ಅವನನ್ನು. ತೂಕದ ಮನೆಯ ಹಿಂದಿನ ಕೋಣೆಯಲ್ಲಿ ಚಿತ್ರಕ್ಕೆ ಸುತ್ತಿದ ಬಟ್ಟೆ ಬಿಚ್ಚಿ, ಎಡಗೈ ಊರಿಕೊಂಡು ತೋರಿಸಿದಳು. ಸಂಕಪ್ಪ ಅರ್ಧ ತಿರುಗಿದ್ದಾನೆ. ಹುಬ್ಬಿಗೆ ಕೆಂಪು ಪೇಂಟು ಹತ್ತಿದೆ, ಅದು ಅವನಿಗೆ ಗೊತ್ತಿಲ್ಲ. ಬಾಯಿ ಏನನ್ನೋ ಹೇಳಲು ಒಂದಿಷ್ಟೇ ತೆರೆದಿದೆ. ಅವನ ಕೈ ಚಿತ್ರದ ಹೊರಗೆ ಚಾಚಿ, ನಾವು ಕಾಣದ ಯಾವುದನ್ನೋ ಮುಟ್ಟಿದೆ. ನಾನು ಹೊರಗೆ ಬಂದು ಜಗಲಿಯ ಮೇಲೆ ಅತ್ತಿಂದಿತ್ತ ತಿರುಗಿದೆ.

“ನಮ್ಮವ್ವ ನೋಡಿಲ್ಲ,” ಎಂದಳು ಅವಳು, ಹಿಂದೆಯೇ ಬಂದು. “ಬರಿಯಾಕತ್ತೀನಿ ಅಂತ ಗೊತ್ತೈತಿ. ನೋಡಂಗಿಲ್ಲ ಅಂದಾಳ.”

“ಬ್ಯಾರೆ ಒಂದು ಮುಖಾ ಬರದ್ರ ಆಗಂಗಿಲ್ಲೇನು? ನಿಮ್ಮಜ್ಜಂದು, ಯಾರದಾರ?”

“ಬ್ಯಾರೆ ಮುಖಾ ಬರ್ಯಾಕ ಕುಂತ್ರೂ ಇವಂದ ಬರತೈತ್ರಿ. ಮೂರು ಹಾಳಿ ಹಾಳು ಮಾಡೀನಿ.”

ಅವಳ ಅವ್ವ ನೀಲವ್ವನ ಚುರುಮರಿ ಭಟ್ಟಿ ಗಡಿಯ ಕಡೆಯ ರಸ್ತೆಯಲ್ಲಿದೆ. ಹೋದಾಗ ಆಕೆ ಕಾದ ಮರಳಿನಲ್ಲಿ ಅಕ್ಕಿ ಆಡಿಸುತ್ತಿದ್ದಳು. ಸಟ್ಟುಗ ನಿಲ್ಲಿಸದೆಯೇ, “ಯಾರನ್ನ ಹಿಡಸ್ತೀಯಂತಲ್ಲೋ ಎಮ್ಮಿ?” ಎಂದಳು.

“ಅದು ಬರೇ ಚಿತ್ರ ಅಕ್ಕಾ.”

“ಬರೇ ಚಿತ್ರ. ನಿಮ್ಮಪ್ಪನ್ನ ಎದಿಗೆ ಹಚ್ಚಿಕೊಂಡು ಕುಂತಿದ್ದಿಯಲ್ಲ, ಅದೂ ಬರೇ ಚಿತ್ರ ಏನು?” ಅಕ್ಕಿ ಮಲ್ಲಿಗೆಯಂತೆ ಅರಳಿತು, ಜರಡಿಗೆ ಸುರಿದು ಮರಳು ಸೋಸಿದಳು. “ನಿನ್ನ ಓದು ಎಲ್ಲಿಗೆ ಬಂತು ನೋಡು. ಕೇಳಿಲ್ಲಿ. ಅವ ಸತ್ತಿಲ್ಲ, ಹೋಗ್ಯಾನ. ಹೋದವರನ್ನ ಹಿಡಿಯೂ ಪದ್ಧತಿ ಈ ಊರಾಗ ಇಲ್ಲ. ನನ್ನ ಮಗಳು ಅವನ್ನ ಹಿಡದ ದಿನ ನಾ ಬಳಿ ಒಡಕೋಬೇಕು.” ಮಸಿ ಹಿಡಿದ ಮೊಣಕೈಯವರೆಗಿನ ಹಸಿರು ಬಳೆಗಳನ್ನು ನನ್ನ ಮುಖದ ಮುಂದೆ ಅಲುಗಿಸಿದಳು. “ಇವೆಲ್ಲ ಏನು ಸೋವಿ ಆಗ್ಯಾವೇನು?”

“ಆಕಿಗೆ ನಗರದಾಗ ಕಲಿಯಾಕ ಅವಕಾಶ ಐತಿ. ಮುಖಾ ಇರದಿದ್ರ ಮೇಡಂ ಆಕಿನ್ನ ಒಯ್ಯಂಗಿಲ್ಲ.”

“ಹಂಗಾರ ಬ್ಯಾಡ,” ಎಂದಳು. ಆಮೇಲೆ ನನಗೆ ಒಂದು ಪಾವು ಚುರುಮರಿ ಕಟ್ಟಿಕೊಟ್ಟಳು. ಬಿಸಿಯಿತ್ತು. ದಾರಿಯುದ್ದಕ್ಕೂ ಅದನ್ನು ತಿನ್ನದೆ ಕೈಯಿಂದ ಕೈಗೆ ಬದಲಿಸುತ್ತ ನಡೆದೆ.

ಬೇರೆ ಯಾರಾದರೂ ಹಿಡಿದಾರೇ ಎಂದು ಕೇಳಿ ನೋಡಿದೆ. ದರ್ಜಿ ಕಿವಿ ಮುಚ್ಚಿಕೊಂಡ. ಪಿ.ಟಿ. ಮಾಸ್ತರು, “ಬ್ಯಾರೆಯವರ ಮನಿ ಸಾವು ನನ್ನ ಹೆಗಲಿಗೆ ಯಾಕೋ ಮಾರಾಯಾ,” ಎಂದರು. ಸತ್ತವರಾದರೂ ಆಗಬಹುದಿತ್ತು, ಸಾಯದವರಂತೂ ಬೇಡವೇ ಬೇಡ ಎಂಬುದು ಎಲ್ಲರ ಮಾತು. ಗುಳಪ್ಪಜ್ಜರು ಮಾತ್ರ ನನ್ನನ್ನೇ ನೋಡುತ್ತ, “ನೀ ತಿರಗೂದು ನೋಡಿದ್ರ ನನಗ ತಲಿ ಸುತ್ತತೈತಿ. ಒಂದು ಕಡೆ ಕುಂದ್ರು,” ಎಂದರು.

ನಾನೇ ಹಿಡಿಯುತ್ತೇನೆ ಎಂದು ಸಾವಂತ್ರಿಗೆ ಹೇಳಿದೆ. “ನೀವು ಅವಂಗ ಏನೂ ಆಗ್ಬೇಕಿಲ್ಲ,” ಎಂದಳು.

“ಏನೂ ಇಲ್ಲ. ಅದಕ್ಕ ನಡೀತೈತಿ. ಮನಿಯವರು ಹಿಡದ್ರ ತಾನ ನಿಮ್ಮವ್ವ ಬಳಿ ಒಡಕೊಳ್ಳೂದು?”

ಎಂ.ಎ. ಮಾಡಿದವನ ತರ್ಕ ಅದು. ಅವಳು ನಂಬಿದಳೋ, ಬೇರೆ ದಾರಿಯಿರಲಿಲ್ಲವೋ, ತಲೆಯಾಡಿಸಿದಳು.

ಪ್ರದರ್ಶನದ ದಿನ ತೂಕದ ಮನೆಯ ಎಲ್ಲ ಬಾಗಿಲುಗಳನ್ನು ತೆರೆದಿದ್ದರು. ಚೌಕಟ್ಟು ಹಾಕಿದ ಚಿತ್ರಗಳನ್ನು ಕೈಗೆ ಕೊಟ್ಟು ಕಮಾನುಗಳ ಕೆಳಗೆ ಒಬ್ಬೊಬ್ಬರಂತೆ ನಿಲ್ಲಿಸಿದೆ. ಜನ ಬಾಗಿಲಲ್ಲಿ ರೂಢಿಯಂತೆ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, ಸೆರಗು ಹೊದ್ದು ಒಳಗೆ ಬಂದರು. ಬಂದವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಬ್ಬಳು ಮುದುಕಿ ಗುಳಪ್ಪಜ್ಜರು ಹಿಡಿದ ಆಡಿನ ಮುಂದೆ ನಿಂತು ಕೈಮುಗಿದು, “ಎಷ್ಟು ವರ್ಷದ್ದಾಗಿತ್ತು?” ಎಂದು ಕೇಳಿದಳು. ಅಜ್ಜರ ಮೀಸೆ ನಡುಗಿತು, ಆದರೆ ಅವರು ಮಾತಾಡಲಿಲ್ಲ. ಪಕ್ಕದಲ್ಲಿದ್ದ ದಸ್ತಗೀರ, “ಅದು ಇನ್ನೂ ಐತಿ ಬೇ, ಮನ್ಯಾಗ ಹುಲ್ಲು ತಿನ್ನಾಕತ್ತೈತಿ,” ಎಂದ. ಮುದುಕಿ, “ಹೂಂನಪಾ, ಧೈರ್ಯ ತಗೋ,” ಎಂದು ಅವನ ಬೆನ್ನು ಸವರಿ ಮುಂದೆ ಹೋದಳು.

ಮೀನಿನವಳಿಗೆ ಮೂಗು ಕೆರೆಯಿತು. ಕೈ ಬಿಡುವಂತಿಲ್ಲ, ಮೂಗನ್ನು ಚೌಕಟ್ಟಿಗೆ ತಿಕ್ಕಿಕೊಂಡಳು. ಬ್ಯಾಂಕಿನ ಜವಾನ ಒಂದು ಕಾಲಿನ ಮೇಲಿಂದ ಇನ್ನೊಂದು ಕಾಲಿಗೆ ತೂಗುತ್ತಿದ್ದ. ಇಡೀ ಮನೆ ಸದ್ದಿಲ್ಲದೆ ಕುದಿಯುತ್ತಿತ್ತು. ಮಂದಾಕಿನಿ ಮೇಡಂ ಚಪ್ಪಲಿ ಬಿಟ್ಟೇ ಬಂದರು, ಯಾರು ಹೇಳಿದರೋ. ಪ್ರತಿ ಚಿತ್ರದ ಮುಂದೆ ನಿಂತು, ಮೊದಲು ಚಿತ್ರವನ್ನು, ಆಮೇಲೆ ಅದರ ಮೇಲಿನ ಜೀವಂತ ಮುಖವನ್ನು ನೋಡಿದರು. ಎಡಮೂಲೆಯ ಅಂಗೈಯಷ್ಟು ಖಾಲಿ ಜಾಗವನ್ನು ನೋಡಿ ತಮ್ಮ ಎಡಗೈಯನ್ನು ಗಾಳಿಯಲ್ಲಿ ಅದರ ಮೇಲಿಟ್ಟು ಅಳೆದರು. ಏನೂ ಕೇಳಲಿಲ್ಲ.

ನಾನು ತಕ್ಕಡಿಯ ಹಿಂದಿನ ಕಮಾನಿನಲ್ಲಿ ಸಂಕಪ್ಪನನ್ನು ಹಿಡಿದು ನಿಂತಿದ್ದೆ. ಕಾಲು ನಿಂತಿದ್ದವು. ಎಷ್ಟೋ ವರ್ಷಗಳ ನಂತರ ಎದೆಯೊಳಗೆ ಆ ತಂಪು ಬಂದಿತ್ತು. ಚಿತ್ರದ ಮರದ ಚೌಕಟ್ಟು ನನ್ನ ಹೊಟ್ಟೆಗೆ ಒತ್ತಿತ್ತು. ಸಾವಂತ್ರಿ ಪಕ್ಕದಲ್ಲಿದ್ದಳು, ಕೇಳಿದವರಿಗೆ ಹೇಳಲು.

ಮೊದಲು ಯಾರು ನೋಡಿದರೋ ಗೊತ್ತಿಲ್ಲ. “ಸಂಕಪ್ಪನ್ನ ಹಿಡದಾರ,” ಎಂಬ ಪಿಸುಮಾತು ಕಮಾನಿನಿಂದ ಕಮಾನಿಗೆ ಹೋಯಿತು. ಜನ ಉಳಿದ ಚಿತ್ರಗಳನ್ನು ಬಿಟ್ಟು ನನ್ನ ಮುಂದೆ ಬಂದು ನಿಂತರು. ಒಬ್ಬಳು ತನ್ನ ತುರುಬಿನಿಂದ ಹೂವು ಕಿತ್ತು ನನ್ನ ಪಾದದ ಬಳಿ ಇಟ್ಟಳು. ಸಂಕಪ್ಪನಿಂದ ಲಾರಿಗೆ ನವಿಲು ಬರೆಸಿಕೊಂಡಿದ್ದ ಡ್ರೈವರ್ ಒಬ್ಬ ಟವೆಲಿನಿಂದ ಬಾಯಿ ಮುಚ್ಚಿಕೊಂಡ.

“ಇಲ್ಲ, ನಮ್ಮಪ್ಪ ಸತ್ತಿಲ್ಲ. ಇದು ಚಿತ್ರ. ನಾ ಬರದದ್ದು,” ಎಂದಳು ಸಾವಂತ್ರಿ.

“ಹೌದವಾ, ಹೌದು. ಸಮಾಧಾನ ಮಾಡಿಕೋ. ಎಲ್ಲಿ ಆತಂತ, ರಸ್ತಿ ಮ್ಯಾಲೇನು?”

“ಸತ್ತಿಲ್ಲ ಅಂದ್ನೆಲ್ಲರೀ!”

“ಎಲ್ಲಾರಿಗೂ ಹಂಗ ಅನ್ಸತೈತಿ ಮೊದಲ,” ಎಂದು ಹೂವಿಟ್ಟ ಹೆಂಗಸು ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಸಾವಂತ್ರಿ ಬಿಡಿಸಿಕೊಳ್ಳಲು ನೋಡಿದಳು. ಹಿಂದೆ ಯಾರೋ ರಾಗ ತೆಗೆದು ಅಳಲು ಸುರುಮಾಡಿದರು. ಅವಳು ನನ್ನ ಕಡೆ ನೋಡಿದಳು. ನಾನು ಒಂದು ಮಾತು ಹೇಳಿದ್ದರೆ ಸಾಕಾಗಿತ್ತೇನೋ. ಆದರೆ ನಾನು ಹಿಡಿದವನು. ಬಾಯಿ ತೆರೆಯಲಿಲ್ಲ.

ಸುದ್ದಿ ಗಡಿಯ ರಸ್ತೆಗೆ ಹೋಗಲು ಎಷ್ಟು ಹೊತ್ತು ಬೇಕು? ಬಾಗಿಲಲ್ಲಿದ್ದ ಜನ ಎರಡು ಪಾಲಾದರು. ನೀಲವ್ವ ಜರಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು, ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಅವಳು ನಡೆದಲ್ಲೆಲ್ಲ ಕಲ್ಲಿನ ನೆಲದ ಮೇಲೆ ಮರಳು ಉದುರಿತು. ಎದುರು ಬಂದ ಇಬ್ಬರು ಹೆಂಗಸರು ಅವಳ ಕೈ ಹಿಡಿಯಲು ಹೋದರು, ಬಳೆಗಳ ಕಡೆಗೆ. ಅವಳು ಕೈಯನ್ನು ಎತ್ತಿ ಹಿಂದಕ್ಕೆ ಎಳೆದುಕೊಂಡಳು.

ನನ್ನ ಮುಂದೆ ನಿಂತಳು. ಚಿತ್ರವನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದಳು.

“ಬಿಡು,” ಎಂದಳು.

ಬಿಟ್ಟರೆ ಅಂಚು ಹೋಗುತ್ತದೆ, ಆಮೇಲೆ ಭುಜ, ಹುಬ್ಬಿನ ಕೆಂಪು. ಸಂಕಪ್ಪನ ಫೋಟೋ ಎಲ್ಲೂ ಇರಲಿಲ್ಲ, ಅವನು ತೆಗೆಸಿಕೊಂಡವನಲ್ಲ. ಬಿಡದಿದ್ದರೆ, ಇಷ್ಟು ಜನರ ನಡುವೆ ಅವನು ಸತ್ತೇ ಹೋಗುತ್ತಾನೆ. ನನ್ನ ಅಂಗೈ ಬೆವೆತು ಚೌಕಟ್ಟು ಜಾರುತ್ತಿತ್ತು.

“ಬಿಡೋ ಅಂದ್ರ!”

“ಅವ್ವಾ,” ಎಂದಳು ಸಾವಂತ್ರಿ. ಅಷ್ಟೇ ಅಂದದ್ದು. ಆ ಹೆಂಗಸಿನ ಹೆಗಲಿನಿಂದ ತಲೆ ಬಿಡಿಸಿಕೊಂಡು ಬಂದು, ಅವ್ವನಿಗೂ ಚಿತ್ರಕ್ಕೂ ನಡುವೆ ನಿಲ್ಲಲಿಲ್ಲ; ಒಂದು ಬದಿಗೆ ಸರಿದು ದಾರಿ ಬಿಟ್ಟಳು. ಆಗ ನೀಲವ್ವನ ಕಣ್ಣು ಇಳಿಯಿತು.

ಎಷ್ಟು ಹೊತ್ತು ನೋಡಿದಳೋ. ಅಳುತ್ತಿದ್ದವರು ಅಳುವುದನ್ನು ನಿಲ್ಲಿಸಿದ್ದರು. ಜರಡಿ ಅವಳ ಕೈಯಿಂದ ಜಾರಿ ನೆಲದ ಮೇಲೆ ಗುಂಡಗೆ ಸುತ್ತಿ ಸುತ್ತಿ ಮಲಗಿತು. ಅವಳು ಸೆರಗಿನ ತುದಿಯಿಂದ ಹೆಬ್ಬೆರಳನ್ನು ಒರೆಸಿಕೊಂಡು, ಸಂಕಪ್ಪನ ಹುಬ್ಬಿನ ಕೆಂಪು ಕಲೆಯನ್ನು ಒಮ್ಮೆ ತಿಕ್ಕಿ ನೋಡಿದಳು, ಹೋದೀತೇನೋ ಎಂಬಂತೆ. ಹೋಗಲಿಲ್ಲ. ಆಮೇಲೆ ಎರಡೂ ಕೈಯಿಂದ ಚೌಕಟ್ಟನ್ನು ಹಿಡಿದಳು. ಬಳೆಗಳು ಮರಕ್ಕೆ ಬಡಿದು ಸದ್ದಾಯಿತು. ನಾನು ಕೈ ಬಿಟ್ಟೆ.

ಅವಳು ತಿರುಗಿ, ಚಿತ್ರವನ್ನು ಎದೆಗೆ ಆನಿಸಿಕೊಂಡು, ನಾನು ನಿಂತಿದ್ದ ಜಾಗದಲ್ಲಿ ನಿಂತಳು. ಮುಗಿಯಿತು ಎಂದುಕೊಂಡೆ. ಕೊನೆಗೂ ಹಿಡಿದಳಲ್ಲ ಎಂದು ಇಡೀ ಊರು ಉಸಿರು ಬಿಟ್ಟದ್ದು ಕೇಳಿಸಿತು. ಡ್ರೈವರ್ ಟವೆಲನ್ನು ಬಾಯಿಯಿಂದ ತೆಗೆದು, ದನಿ ತಗ್ಗಿಸಿ, ಪದ್ಧತಿಯಂತೆ ಕೇಳಿದ, “ಯಾರನ್ನ ಹಿಡದೀರಿ?”

ಪಕ್ಕದಲ್ಲಿದ್ದ ಸಾವಂತ್ರಿ ಉತ್ತರ ಹೇಳಬೇಕಾಗಿತ್ತು. ಅವಳು ಅವ್ವನ ಮುಖವನ್ನೇ ನೋಡುತ್ತಿದ್ದಳು.

“ನನ್ನ ಮಗಳ ಚಿತ್ರಾ ಹಿಡದೀನಿ,” ಎಂದಳು ನೀಲವ್ವ, ಭಟ್ಟಿಯ ಮುಂದೆ ಗಿರಾಕಿ ಕರೆಯುವ ದನಿಯಲ್ಲಿ. “ಯಾಕ, ಕಣ್ಣು ಕಾಣ್ಸಂಗಿಲ್ಲೇನು?”

ತೂಕದ ಮನೆಯಲ್ಲಿ ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಹಿಡಿದವಳು ಮಾತಾಡಿದ್ದಳು. ಹಿಡಿದವರು ಮಾತಾಡಿದರೆ ಅದು ಹಿಡಿದದ್ದಲ್ಲ, ಹಿಡಿದದ್ದಲ್ಲದಿದ್ದರೆ ಸತ್ತದ್ದಲ್ಲ. ಜನರ ಮುಖದ ಮೇಲೆ ಈ ಲೆಕ್ಕ ಮೆಲ್ಲಗೆ ನಡೆಯಿತು. ನನ್ನ ಪಾದದ ಬಳಿ ಹೂವಿಟ್ಟವಳು ಬಂದು ಅದನ್ನು ಎತ್ತಿಕೊಂಡು ಮತ್ತೆ ತುರುಬಿಗೆ ಸಿಕ್ಕಿಸಿಕೊಂಡಳು.

“ಹುಬ್ಬು ಬರೋಬರಿ ಐತಿ,” ಎಂದಳು ನೀಲವ್ವ, ಯಾರೂ ಕೇಳದಿದ್ದರೂ. “ಬಣ್ಣ ಹಚ್ಚಿಕೊಂಡ ಬಂದು ಉಣ್ಣಾಕ ಕುಂದ್ರತಿದ್ದ, ಮಾರಿ ತೊಳಿ ಅಂದ್ರ ಕೇಳವಲ್ಲ. ಆದ್ರ ಮೂಗು ತಪ್ಪೈತಿ. ಅವನ ಮೂಗು ಇಷ್ಟು ನೆಟ್ಟಗ ಎಲ್ಲಿತ್ತು? ಮದಿವ್ಯಾಗ ನಮ್ಮಣ್ಣನ ಜೋಡಿ ಗುದ್ದಾಡಿ ಸೊಟ್ಟ ಮಾಡಿಕೊಂಡಿದ್ದ.”

“ನೀ ಯಾವಾಗ ಹೇಳಿದ್ದಿ ಅದನ್ನ?” ಎಂದಳು ಸಾವಂತ್ರಿ.

“ನೀ ಯಾವಾಗ ಕೇಳಿದ್ದಿ?”

ಅತ್ತ ಕಡೆಯಿಂದ ಗುಳಪ್ಪಜ್ಜರ ನಗೆ ಸಿಡಿಯಿತು. ಬೆಳಗಿನಿಂದ ತಡೆದುಕೊಂಡದ್ದೆಲ್ಲ ಒಟ್ಟಿಗೆ ಹೊರಬಂತು. “ಏ ಮುದುಕೀ, ಬಾ ಇಲ್ಲಿ! ಈ ಆಡು ಇನ್ನೂ ಸತ್ತಿಲ್ಲ, ನೀ ಕೈಮುಗಿದು ಕೊಲ್ಲಬ್ಯಾಡ!” ಎಂದರು. ಮೀನಿನವಳು, “ಯಾರರ ನನ್ನ ಮೂಗು ಕೆರೀರಿ ನಿಮ್ಮ ಪುಣ್ಯ,” ಎಂದಳು. ಜವಾನ ತನ್ನ ಕೈಯಲ್ಲಿದ್ದ ಬಂಡಿಯ ಗಾಲಿಗೆ ಕೀಲು ಹಾಕಿಲ್ಲವೆಂದು, ಹೀಗಾದರೆ ಹಳ್ಳ ದಾಟುವುದರೊಳಗೆ ಮಗುಚುತ್ತದೆಂದು ಬರೆದ ಹುಡುಗನಿಗೆ ಹೇಳತೊಡಗಿದ. ದಸ್ತಗೀರನ ಅಬ್ಬಾ ಮಾತ್ರ ತನ್ನ ತಾಯಿಯನ್ನು ಹಿಡಿದು ಸುಮ್ಮನೆ ನಿಂತಿದ್ದ. ಕಲ್ಲಿನ ಮನೆಯಲ್ಲಿ ಮಾತು ಕಮಾನಿನಿಂದ ಕಮಾನಿಗೆ ಬಡಿದು ಹತ್ತಿ ಸಂತೆಯ ಗದ್ದಲವಾಯಿತು. ನಾನು ಬಯಸಿದ್ದ ಮೌನ ಇಷ್ಟು ಬೇಗ ಎಲ್ಲಿ ಹೋಯಿತೋ. ಖಾಲಿ ಕೈಯಲ್ಲಿ ನಿಂತಿದ್ದ ನನಗೆ ಮತ್ತೆ ಕಾಲು ಕಾಡಲು ಸುರುವಾಯಿತು.

ಮಂದಾಕಿನಿ ಮೇಡಂ ನೀಲವ್ವನ ಮುಂದೆ ತುಂಬ ಹೊತ್ತು ನಿಂತರು. “ಮಗಳನ್ನ ನನ್ನ ಜೊತೆ ಕಳಿಸ್ತೀರಾ?” ಎಂದು ಕೇಳಿದರು.

ನೀಲವ್ವ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಸುಮ್ಮನಾದಳು. ಅವಳ ಬೆರಳುಗಳು ಚೌಕಟ್ಟಿನ ಮೇಲೆ ಬಿಗಿಯಾದವು. ಆ ಸುಮ್ಮನಿರುವಿಕೆಗೆ ಹೆದರಿ ಒಂದಿಬ್ಬರು ತಿರುಗಿ ನೋಡಿದರು. ಅದನ್ನು ಅವಳೂ ನೋಡಿದಳು.

“ಇವ ಕೇಳದ ಹೋದ,” ಎಂದಳು ಗಡಿಬಿಡಿಯಲ್ಲಿ, ಗಲ್ಲವನ್ನು ಚಿತ್ರದ ಕಡೆ ಇಳಿಸಿ. “ಈಕಿ ಕೇಳಿ ಹೊಂಟಾಳ. ಅಷ್ಟರ ಫರಕ ಐತಲ್ಲ. ಒಯ್ರಿ. ಮೂಗು ಬರ್ಯಾಕ ಕಲಿಸ್ರಿ ಮೊದಲು.”

ಸಂಜೆ ಎಲ್ಲರೂ ತಮ್ಮ ತಮ್ಮ ಚಿತ್ರಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು. ನೀಲವ್ವ ಕೊಡಲಿಲ್ಲ. “ಪೆಟ್ಟಿಗ್ಯಾಗ ಮಡಚಿ ಇಡಾಕ ಇವ ಸೀರಿಯೇನು? ಈಕಿ ಹೋಗೂ ಮಟ ಮನ್ಯಾಗ ಇರಲಿ, ಸರದಿ ಮ್ಯಾಲ ಕೈ ಇಡತೀವಿ. ಆಮ್ಯಾಲ ಗಡಿ ದಾಟಿಸಿ ಒಯ್ದು ಅಲ್ಲಿ ಗ್ವಾಡಿಗೆ ಹಾಕ್ಕೊಳ್ಳಲಿ,” ಎಂದಳು. ಸಾವಂತ್ರಿ ಅಲ್ಲೇ ಮೇಡಂ ಜೊತೆ ಉಳಿದಿದ್ದಳು. ನೀಲವ್ವ ನನ್ನ ಕಡೆ ತಿರುಗಿ, “ಏ ಎಮ್ಮಿ, ಜರಡಿ ತಗೊಂಡು ನನ್ನ ಜೋಡಿ ನಡಿ,” ಎಂದಳು.

ಬೀದಿಯಲ್ಲಿ ನಡೆಯುವಾಗ ಅವಳು ಮಾತು ನಿಲ್ಲಿಸಲಿಲ್ಲ. ಮನೆಗಳ ಮುಂದೆ ಕೂತವರು ಎದ್ದು ನಿಲ್ಲುತ್ತಿದ್ದರು. ಅವಳ ದನಿ ಕೇಳಿ ಮತ್ತೆ ಕೂರುತ್ತಿದ್ದರು. ಅಕ್ಕಿಯ ಬಗ್ಗೆ ಹೇಳಿದಳು, ಮರಳನ್ನು ಎಲ್ಲಿಂದ ತರಿಸುತ್ತಾಳೆ ಎಂದು ಹೇಳಿದಳು, ಸಂಕಪ್ಪ ಒಮ್ಮೆ ಭಟ್ಟಿಯ ಮೇಲೆ ನವಿಲು ಬರೆದು, ಅದು ಹೋಗಬಾರದೆಂದು ಒಂದು ಇಡೀ ಮಧ್ಯಾಹ್ನ ಇಬ್ಬರೂ ಸರದಿಯ ಮೇಲೆ ಕೈಯಿಟ್ಟುಕೊಂಡು ಕೂತದ್ದನ್ನು ಹೇಳಿದಳು. “ಕೈ ಸುಡತಿತ್ತು. ಆದ್ರೂ ಕುಂತಿದ್ವಿ, ಹುಚ್ಚರಂಗ.” ಆ ಕತೆಯ ನಂತರ ಅವಳ ದನಿ ಒಡೆಯಿತು, ಕೆಮ್ಮಿದಳು, ಮತ್ತೆ ಸುರುಮಾಡಿದಳು. ನಾನು ‘ಹೂಂ’ ಎನ್ನುತ್ತಿದ್ದೆ. ಅವಳ ಪಕ್ಕದಲ್ಲಿ ನಡೆಯಲು ನನ್ನ ಹೆಜ್ಜೆ ಬೇಗವಾಗುತ್ತಿತ್ತು, ನಿಧಾನ ಮಾಡಿಕೊಳ್ಳುತ್ತಿದ್ದೆ.

ಮನೆಯ ಬಾಗಿಲಿಗೆ ಬಂದಾಗ ಅವಳ ಗಂಟಲು ಪೂರ್ತಿ ಆರಿತ್ತು. ಬೀಗದ ಕೈ ಸೊಂಟದಲ್ಲಿತ್ತು. ಅವಳು ನನ್ನನ್ನು ನೋಡಿದಳು, ಚಿತ್ರವನ್ನು ನೋಡಿದಳು. ಆಮೇಲೆ ಅದನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟಳು.

“ನೀ ಏನಾರ ಮಾತಾಡು,” ಎಂದು ಪಿಸುಗುಟ್ಟಿ, ಬೀಗದ ಕಡೆ ಬಾಗಿದಳು.

ಎದುರು ಮನೆಯ ಕಿಟಕಿ ತೆರೆಯಿತು. ಒಬ್ಬ ಹೆಂಗಸು ದೀಪ ಹಚ್ಚಲು ಬಂದವಳು ನನ್ನನ್ನು ಕಂಡಳು, ನನ್ನ ಎದೆಯ ಮೇಲಿನ ಮುಖವನ್ನು ಕಂಡಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ದನಿ ತಗ್ಗಿಸಿದಳು.

“ಯಾರನ್ನ ಹಿಡದೀಪಾ?”

ಬೀಗ ತುಕ್ಕು ಹಿಡಿದಿತ್ತೋ ಏನೋ, ನನ್ನ ಬೆನ್ನ ಹಿಂದೆ ಕೀ ತಿರುಗುತ್ತಲೇ ಇರಲಿಲ್ಲ. ಎದೆಯಲ್ಲಿ ಆ ಹಳೆಯ ತಂಪು ಏರಿ ಬರುತ್ತಿತ್ತು, ಕಾಲು ನಿಲ್ಲುತ್ತಿದ್ದವು. ನಾನು ಕಾಲನ್ನು ಬಲವಂತದಿಂದ ಅಲುಗಿಸಿದೆ.

“ಈ ಮೂಗು ನೋಡ್ರಿ,” ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿತು. “ಸಾವಂತ್ರಿ ನೆಟ್ಟಗ ಬರದಾಳಂತ, ತಪ್ಪೈತಂತ. ಅವ ಬಂದ ಮ್ಯಾಲ ಮುಂದ ಕುಂದ್ರಿಸಿಕೊಂಡು ಸರಿ ಮಾಡ್ತಾಳಂತ.”